ತೇಪೆ ಗಟ್ಟಿ, ಪಕ್ಕದ ಬಟ್ಟೆ?

“ಐದನೇ ವಯಸ್ಸಿನಲ್ಲಿ ನನಗೆ ಕೋಆರ್ಕ್ಟೇಶನ್ ಆಪರೇಷನ್ ಆಯಿತು. ಈಗ 32. ಆರಾಮಾಗಿದ್ದೇನೆ. ಇನ್ನೂ ಹೃದಯದ ಡಾಕ್ಟರ ಹತ್ತಿರ ಹೋಗುತ್ತಿರಬೇಕೇ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ಹೋಗಲೇಬೇಕು.

ಈ ಕಾಯಿಲೆಯಲ್ಲಿ ಮಹಾಪಧಮನಿ ಒಂದು ಕಡೆ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ ಬೇರೊಂದು ಆಪರೇಷನ್ ಮಾಡುವಾಗ ರಕ್ತಸ್ರಾವ ನಿಲ್ಲಿಸಲು ಮಹಾಪಧಮನಿಯನ್ನೇ ಇಕ್ಕಳದಿಂದ ಹಿಡಿಯಬೇಕಾಯಿತು. ರೋಗಿಗೆ ಏನೂ ಆಗಲಿಲ್ಲ. ಹಾಗಾದರೆ ಕಿರಿದಾದ ತುಂಡನ್ನು ಕತ್ತರಿಸಿ ಎರಡು ತುದಿ ಹೊಲಿಯಬಹುದಲ್ಲ ಎಂದುಕೊಂಡ ಅವರು 1944ರ ಅಕ್ಟೋಬರಿನಲ್ಲಿ ಮಾಡಿಯೇ ತೋರಿಸಿದರು. ಎಂಥ ಧೈರ್ಯ!

1957ರಲ್ಲಿ ಜರ್ಮನಿಯ ಫೋಸ್‌ಶುಲ್ಟೆ ಇನ್ನೊಂದು ದಾರಿ ತೋರಿಸಿದರು: ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳಿ, ತೇಪೆ ಹಾಕಿ ಅಗಲ ಮಾಡುವುದು. ತೇಪೆಗೆ ಮುಂದೆ ಹೆಚ್ಚಾಗಿ ಬಳಸಿದ್ದು ಡಾಕ್ರಾನ್, ಅಂದರೆ ಪಾಲಿಯೆಸ್ಟರ್ ಬಟ್ಟೆ. ಕೌದಿ ಹೊಲಿಯುವವರನ್ನು ಕೇಳಿ, ಸವೆದ ಸೀರೆಗೆ ದಪ್ಪ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಿಯುವುದು ತೇಪೆಯಲ್ಲ, ಅದರ ಪಕ್ಕದ ಸೀರೆ. ಇಲ್ಲಿ ಆದದ್ದೂ ಅದೇ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ರಕ್ತ ಒತ್ತುತ್ತದೆ, ಡಾಕ್ರಾನ್ ಜಗ್ಗುವುದಿಲ್ಲ, ಹಿಗ್ಗುವ ಕೆಲಸವೆಲ್ಲ ಎದುರಿನ ಗೋಡೆಯ ಪಾಲಿಗೆ ಬೀಳುತ್ತದೆ. ವರ್ಷಗಳ ನಂತರ ಆ ಗೋಡೆ ಬಲೂನಿನಂತೆ ಉಬ್ಬಿದ್ದು ಎಷ್ಟೋ ಜನರಲ್ಲಿ ಕಂಡಿತು. ಕಿರಿದಾದ ಜಾಗದಲ್ಲಿ ಒಳಕ್ಕೆ ಚಾಚಿಕೊಂಡ ಏಣನ್ನು ಆಪರೇಷನ್ನಿನಲ್ಲಿ ಕೆತ್ತಿ ತೆಗೆದಿದ್ದರೆ ಗೋಡೆ ಇನ್ನೂ ತೆಳು.

ಹೊಲಿಗೆಯದೊಂದೇ ತಪ್ಪಲ್ಲ. ಈ ಕಾಯಿಲೆಯವರ ಮಹಾಪಧಮನಿಯ ಗೋಡೆಯಲ್ಲಿ ಹಿಗ್ಗಿಸಿ ಕುಗ್ಗಿಸುವ ಎಳೆಗಳೇ ದುರ್ಬಲ. ಹಲವರಿಗೆ ಮೂರು ಎಸಳಿನ ಕವಾಟದ ಬದಲು ಎರಡೇ ಎಸಳಿನದು ಇರುತ್ತದೆ. ಅಂಥವರಲ್ಲಿ ಹೃದಯಕ್ಕೆ ಹತ್ತಿರದ ಭಾಗವೂ ಹಿಗ್ಗಬಹುದು. ಜೊತೆಗೆ ಬಿ.ಪಿ. ಕುಳಿತಾಗ ಸರಿಯಿದ್ದು, ಮೆಟ್ಟಿಲು ಹತ್ತಿದಾಗ ಏರುವುದುಂಟು.

ಅಮೆರಿಕದ ಮೇಯೋ ಕ್ಲಿನಿಕ್ 1946ರಿಂದ 1981ರವರೆಗೆ ಆಪರೇಷನ್ ಆದ 646 ಜನರ ಲೆಕ್ಕವನ್ನು 1989ರಲ್ಲಿ ಪ್ರಕಟಿಸಿತು. ಮುಂದೆ ತೀರಿಕೊಂಡವರ ಸರಾಸರಿ ವಯಸ್ಸು 38. ಇಂದಿನ ಚಿಕಿತ್ಸೆ ಎಷ್ಟೋ ಸುಧಾರಿಸಿದೆ, ಆ ಅಂಕಿ ನೋಡಿ ಹೆದರಬೇಡಿ. ಆದರೆ ‘ಸಂಪೂರ್ಣ ಗುಣ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಳೆಯ ಆಪರೇಷನ್ ಚೀಟಿ ಹುಡುಕಿ, ಯಾವ ಬಗೆಯ ಹೊಲಿಗೆ ಎಂದು ತಿಳಿದುಕೊಳ್ಳಿ. ಬಿ.ಪಿ.ಯನ್ನು ಬಲಗೈಯಲ್ಲೇ ನೋಡಿಸಿ. ಕೆಲವು ಆಪರೇಷನ್‌ಗಳಲ್ಲಿ ಎಡಗೈಯ ರಕ್ತನಾಳವನ್ನೇ ತೇಪೆಗೆ ಬಳಸಿರುತ್ತಾರೆ. ಮೂರರಿಂದ ಐದು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಸಿಟಿ ಬೇಕು, ಬಸಿರಿಗೆ ಮುಂಚೆ ತಪ್ಪದೆ. ಕೆಮ್ಮಿದಾಗ ರಕ್ತ ಕಂಡರೆ ಅದು ಉಬ್ಬಿದ ಗೋಡೆ ಒಡೆಯುತ್ತಿರುವ ಸೂಚನೆಯಾಗಿರಬಹುದು, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ, ಎದೆಯ ಆಪರೇಷನ್ ಆಗಿದೆ ಎಂಬುದನ್ನೇ ಮೊದಲು ಹೇಳಿ.