ಜನರು ಆರಿಸಿದ ಷೆರೀಫನು

ಇಂಗ್ಲಿಷ್ ಪಾಠದಲ್ಲಿ ಷೆರೀಫ್ ಎಂಬ ಶಬ್ದವು ಬಂದಾಗಲೆಲ್ಲ ನಮ್ಮ ಬಾಲಿಕೆಯರು ಕುದುರೆಯನ್ನೇರಿ ಪಿಸ್ತೂಲು ಹಾರಿಸುವ ಮೀಸೆಯ ಗಂಡಸನ್ನು ನೆನೆಯುವುದನ್ನು ನಾವು ಕಂಡಿದ್ದೇವೆ. ಅದು ಚಲಚ್ಚಿತ್ರಗಳು ಕಲಿಸಿದ ಪಾಠ. ಮದರಾಸು, ಮುಂಬಯಿಗಳ ಷೆರೀಫರಾದರೋ ಸರಕಾರವು ನೇಮಿಸುತ್ತಿದ್ದ ಪುರಪ್ರಮುಖರಾಗಿದ್ದರು. ಅಮೇರಿಕಾ ದೇಶದ ಕೌಂಟಿ ಷೆರೀಫನು ಇಬ್ಬರಿಂದಲೂ ಬೇರೆ. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಜನರೇ ಮತವಿತ್ತು ಅವನನ್ನು ಆರಿಸುತ್ತಾರೆ.

ಹಳೆಯ ಇಂಗ್ಲಿಷಿನಲ್ಲಿ ‘ಷೈರ್’ ಎಂದರೆ ಜಿಲ್ಲೆ, ‘ರೀವ್’ ಎಂದರೆ ಕಾರ್ಯಭಾರಿ. ಎರಡೂ ಕೂಡಿ ಷೆರೀಫ್ ಆಯಿತು. ಅರಸನ ಸೇವಕನಾಗಿದ್ದ ಇವನು ಅರಸನಿಲ್ಲದ ದೇಶಕ್ಕೆ ಹೋಗಿ ಜನರ ಸೇವಕನಾದನು.

ಗ್ರೋವರ್ ಕ್ಲೀವ್‌ಲೆಂಡರ ವೃತ್ತಾಂತವನ್ನು ನೋಡಿರಿ. 1837ರಲ್ಲಿ ಬಡ ಪಾದ್ರಿಯೊಬ್ಬರ ಒಂಬತ್ತು ಮಕ್ಕಳಲ್ಲಿ ಐದನೆಯವರಾಗಿ ಜನಿಸಿದ ಇವರು 1853ರಲ್ಲಿ ತಂದೆಯನ್ನು ಕಳೆದುಕೊಂಡರು. ಕಾಲೇಜಿನ ಆಸೆಯನ್ನು ಬಿಟ್ಟು ನ್ಯೂಯಾರ್ಕಿನ ಅಂಧರ ಶಾಲೆಯಲ್ಲಿ ಕೆಲವು ಕಾಲ ಉಪಾಧ್ಯಾಯರಾಗಿದ್ದರು. (ನಮ್ಮ ವೃತ್ತಿಯವರೆಂದು ನಮಗೆ ತುಸು ಅಭಿಮಾನ.) ಅನಂತರ ಬಫಲೋ ಪಟ್ಟಣದಲ್ಲಿ ವಕೀಲರಾದರು. 1870ರಲ್ಲಿ ಈರಿ ಕೌಂಟಿಯ ಷೆರೀಫ್ ಹುದ್ದೆಗೆ ನಿಂತು ಕೇವಲ 303 ಮತಗಳ ಅಂತರದಿಂದ ಗೆದ್ದರು. 1871ನೆಯ ಜನವರಿ 1ರಂದು ಅಧಿಕಾರ ವಹಿಸಿದಾಗ ಅವರಿಗೆ 33 ವರ್ಷ.

ಸೆರೆಮನೆಯ ಮೇಲ್ವಿಚಾರಣೆ, ಕೈದಿಗಳ ಅನ್ನ, ನ್ಯಾಯಾಲಯದ ಆಜ್ಞೆಗಳನ್ನು ಜಾರಿಮಾಡುವುದು, ಜಪ್ತಿಯಾದ ಸೊತ್ತಿನ ಹರಾಜು, ಇವೆಲ್ಲ ಷೆರೀಫನವು. ಆಗ ಆದಾಯವು ಫೀಜುಗಳಿಂದ ಬರುತ್ತಿದ್ದ ಕಾರಣ ಹುದ್ದೆಯು ಲಾಭಕರವಾಗಿತ್ತು. ಆದರೆ ಅಂದಿನ ನ್ಯೂಯಾರ್ಕ್ ಸಂವಿಧಾನದಂತೆ ಅವಧಿಯು ಮೂರೇ ವರ್ಷ. ಮುಗಿದ ಬಳಿಕ ಇನ್ನು ಮೂರು ವರ್ಷ ಅದೇ ಹುದ್ದೆಗೆ ಬರಲಾಗದು. ಈ ಕಟ್ಟಳೆಯು ನಮಗೆ ಬಹಳ ಮೆಚ್ಚಿಗೆಯಾಯಿತು.

ಇನ್ನೊಂದು ಕೆಲಸವಿತ್ತು. ಮರಣದಂಡನೆಯನ್ನು ನೆರವೇರಿಸುವವನೂ ಷೆರೀಫನೇ. ಹತ್ತು ಡಾಲರು ಕೊಟ್ಟರೆ ಕೈಕೆಳಗಿನವನು ಅದನ್ನು ಮಾಡುತ್ತಿದ್ದನು. ತಾಯಿಯನ್ನು ಕೊಂದ ಪ್ಯಾಟ್ರಿಕ್ ಮಾರಿಸೆ ಎಂಬವನ ಸರದಿ ಬಂದಾಗ ಕ್ಲೀವ್‌ಲೆಂಡರು ಹಾಗೆ ಮಾಡಲಿಲ್ಲ. ಕಾನೂನು ತಮ್ಮ ಮೇಲೆ ಹೊರಿಸಿದ ಕಠಿಣ ಕಾರ್ಯವನ್ನು ಬಡ ಸಿಬ್ಬಂದಿಯ ಮೇಲೆ ಹಾಕಲೊಲ್ಲದೆ, 1872ನೆಯ ಸೆಪ್ಟೆಂಬರ್ 6ರಂದು ತಮ್ಮ ಕೈಯಿಂದಲೇ ನಡಿಸಿದರು. 1873ನೆಯ ಫೆಬ್ರವರಿ 14ರಂದು ಜಾನ್ ಗ್ಯಾಫ್ನಿ ಎಂಬವನ ವಿಷಯದಲ್ಲಿಯೂ ಹಾಗೆಯೇ. ಗಲ್ಲನ್ನು ನಾವು ಹೊಗಳುವವರಲ್ಲ. ಅದಿಲ್ಲದ ರಾಜ್ಯವೇ ನಮಗೆ ಇಷ್ಟ. ಆದರೂ ಹುಡುಗಿಯೊಬ್ಬಳನ್ನು ಶಾಲೆಯಿಂದ ಬಿಡಿಸಬೇಕಾದ ಸುದ್ದಿಯನ್ನು ಹೆತ್ತವರಿಗೆ ತಿಳಿಸಲು ಕಿರಿಯ ಉಪಾಧ್ಯಾಯಿನಿಯನ್ನು ಕಳುಹಿಸೋಣವೆಂದು ನಮಗೆ ಮನಸ್ಸಾದ ದಿನ ಈ ಷೆರೀಫರ ನೆನಪು ಬಂತು. ನಾವೇ ಹೋದೆವು.

ಮುಂದೆ ಅವರ ಏಳಿಗೆ ಶೀಘ್ರವಾಯಿತು. 1881ರಲ್ಲಿ ಬಫಲೋ ಪಟ್ಟಣದ ಮೇಯರಾಗಿ, 1882ರಲ್ಲಿ ನ್ಯೂಯಾರ್ಕಿನ ಗವರ್ನರಾಗಿ, 1884ರಲ್ಲಿ ರಾಷ್ಟ್ರಾಧ್ಯಕ್ಷರಾಗಿ ಆರಿಸಲ್ಪಟ್ಟರು. ವಿರೋಧಿಗಳು ‘ಬಫಲೋದ ಗಲ್ಲುಗಾರ’ ಎಂದು ಹೀಯಾಳಿಸಿದರು. 1888ರಲ್ಲಿ ಸೋತು 1892ರಲ್ಲಿ ತಿರುಗಿ ಗೆದ್ದರು.

ಅವರನ್ನು ಷೆರೀಫನಾಗಿ ಆರಿಸಿದ ಮತಗಳಲ್ಲಿ ಸ್ತ್ರೀಯರದು ಒಂದೂ ಇರಲಿಲ್ಲ. 1905ರಲ್ಲಿ ಅವರು ಸ್ತ್ರೀಯರ ಪತ್ರಿಕೆಯೊಂದರಲ್ಲಿ, ವಿವೇಕವುಳ್ಳ ಸ್ತ್ರೀಯರಿಗೆ ಮತದ ಹಕ್ಕು ಬೇಕಾಗಿಲ್ಲವೆಂದು ಬರೆದರು. ನ್ಯೂಯಾರ್ಕಿನ ಸ್ತ್ರೀಯರು ಆ ಹಕ್ಕನ್ನು ಪಡೆದದ್ದು 1917ರಲ್ಲಿ; ಆಗ ಕ್ಲೀವ್‌ಲೆಂಡರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದುವು.