ಎಲೆಯ ನಾಡಿ ಹಿಡಿಯುವ ಮೀಟರ್

ಹೋದ ಮಳೆಗಾಲದಲ್ಲಿ ಗಂಗಾವತಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಪ್ಪ ಬದುವಿನ ಮೇಲೆ ನಿಂತು ಪಕ್ಕದವರ ಭತ್ತವನ್ನೇ ನೋಡುತ್ತಿದ್ದರು. "ಅವರದು ಕರ್ರಗೈತಿ, ನಮ್ದು ಬೆಳ್ಳಗಾಗೇತಿ. ಇನ್ನೊಂದು ಚೀಲ ಯೂರಿಯಾ ಒಗೀಬೇಕು" ಅಂದರು. ಒಗೆದದ್ದೂ ಆಯಿತು. ಆಮೇಲೆ ಬೆಂಕಿರೋಗ ಬಂದು ಅರ್ಧ ಗದ್ದೆ ಹೋಯಿತು. ಸಾರಜನಕ ಹೆಚ್ಚಾದ ಪೈರಿಗೆ ಈ ರೋಗ ಬೇಗ ತಗಲುತ್ತದೆಂದು ಓದಿಕೊಂಡಿದ್ದ ನಾನು ಆವತ್ತು ಬಾಯಿ ಬಿಡಲಿಲ್ಲ.

ಹೈದರಾಬಾದಿಗೆ ಮರಳಿದ ಮೇಲೆ, ಕಾಲೇಜಿನ ಪ್ರಯೋಗದ ಗದ್ದೆಯಲ್ಲಿ ಸ್ಪ್ಯಾಡ್ ಮೀಟರ್ ಕೈಗೆ ಬಂತು. ಜಪಾನಿನ ಮಿನೋಲ್ಟಾದವರು ಮಾಡಿದ್ದು, ಅಂಗೈಯಲ್ಲಿ ಹಿಡಿಯುವಷ್ಟೇ. ಬಟ್ಟೆಯ ಕ್ಲಿಪ್ಪಿನ ಹಾಗೆ ಎಲೆಯನ್ನು ಕಚ್ಚಿ, ಎರಡು ಬೆಳಕು ಹಾಯಿಸುತ್ತದೆ. 650 ನ್ಯಾನೋಮೀಟರಿನ ಕೆಂಪು ಬೆಳಕನ್ನು ಪತ್ರಹರಿತ್ತು ಹೀರಿಕೊಳ್ಳುತ್ತದೆ. 940ರ ಸುಮಾರಿನ, ಕಣ್ಣಿಗೆ ಕಾಣದ ಅವಕೆಂಪನ್ನು ಬಿಟ್ಟುಕೊಡುತ್ತದೆ. ಆಚೆ ಬದಿಗೆ ದಾಟಿ ಬಂದ ಎರಡನ್ನೂ ಹೋಲಿಸಿ ಒಂದು ಅಂಕಿ ತೋರಿಸುತ್ತದೆ. ಎಲೆ ಹಸಿರಾದಷ್ಟೂ ಅಂಕಿ ದೊಡ್ಡದು. ಎಲೆ ಕೀಳಬೇಕಿಲ್ಲ, ಪ್ರಯೋಗಾಲಯಕ್ಕೆ ಕಳಿಸಿ ಕಾಯಬೇಕಿಲ್ಲ.

ಆದರೆ ಕಂಡ ಎಲೆಯನ್ನೆಲ್ಲ ಕಚ್ಚಿಸಿದರೆ ಆಗದು. ಪೂರ್ತಿ ಬಿಚ್ಚಿಕೊಂಡ ಎಲೆಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಅದರ ನಡುಭಾಗ, ನಡುನರ ಬಿಟ್ಟು. ಬಿಸಿಲಿಗೆ ಬೆನ್ನು ಕೊಟ್ಟು ನಮ್ಮದೇ ನೆರಳಿನಲ್ಲಿ ಹಿಡಿಯಬೇಕು. ಹತ್ತು ಎಲೆ ನೋಡಿ ಸರಾಸರಿ ತೆಗೆಯಬೇಕು. ನಾಟಿ ಭತ್ತದಲ್ಲಿ 35ಕ್ಕಿಂತ ಇಳಿದರೆ ಮೇಲುಗೊಬ್ಬರ ಕೊಡಿ ಎಂದು ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಗಡಿ ಹಾಕಿದರು. ತಳಿ, ಹಂಗಾಮು ಬದಲಾದರೆ ಗಡಿಯೂ ಬದಲು.

ಇನ್ನೊಂದು ತೊಡಕಿದೆ, ನನಗೆ ಇದೇ ಮುಖ್ಯ. ಮೀಟರ್ ಹಸಿರು ಎಷ್ಟು ಎಂದು ಹೇಳುತ್ತದೆ, ಯಾಕೆ ಕಮ್ಮಿ ಎಂದು ಹೇಳುವುದಿಲ್ಲ. ಗಂಧಕ, ಕಬ್ಬಿಣ ಕಮ್ಮಿಯಾದರೂ ಅಂಕಿ ಇಳಿಯುತ್ತದೆ. ಗಿಡಕ್ಕೆ ಸಾರಜನಕ ಸಾಲದಾದಾಗ ಹಳೇ ಎಲೆಯದನ್ನು ಕಿತ್ತು ಹೊಸ ಎಲೆಗೆ ಕೊಡುತ್ತದೆ, ಮನೆಯ ಹಿರಿಯರ ಹಾಗೆ. ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ, ಗಂಧಕ ಹಾಗೆ ಸುಲಭವಾಗಿ ಸಾಗುವುದಿಲ್ಲ, ಹೊಸ ಎಲೆಯೇ ಮೊದಲು ಬಿಳಿಚುತ್ತದೆ. ಅಲ್ಲಿ ಯೂರಿಯಾ ಸುರಿದು ಏನು ಬಂತು?

ಇಷ್ಟಾಗಿ ಮೀಟರ್ ನಮ್ಮ ಅಪ್ಪನಂಥವರು ಕೊಳ್ಳುವ ಬೆಲೆಯದಲ್ಲ. ಹಸಿರಿನ ನಾಲ್ಕಾರು ಛಾಯೆಗಳಿರುವ ಪ್ಲಾಸ್ಟಿಕ್ ಪಟ್ಟಿಯೊಂದಿದೆ, ಎಲೆಬಣ್ಣದ ಪಟ್ಟಿ. ಎಲೆಯನ್ನು ಪಕ್ಕಕ್ಕಿಟ್ಟು ಹೋಲಿಸಿದರಾಯಿತು. ಅಷ್ಟು ನಿಖರವಲ್ಲ, ಆದರೆ ಜೇಬಿಗೆ ಭಾರವಿಲ್ಲ.

ಒಂದನ್ನು ಊರಿಗೆ ಕಳಿಸಿದ್ದೇನೆ. ಮೊನ್ನೆ ಅಪ್ಪ ಫೋನ್ ಮಾಡಿ "ಮತ್ತ ಹಳದಿ ಹೊಡದೈತಿ ನೋಡು" ಅಂದರು. "ಕೆಳಗಿನ ಎಲೆನೋ ಮ್ಯಾಲಿಂದೋ, ಅಪ್ಪಾ?" ಅಂದೆ. "ತಡಿ, ನೋಡಿ ಹೇಳ್ತೀನಿ" ಎಂದು ಗದ್ದೆಗೆ ಇಳಿದರು.