ಹುಣ್ಣಿಮೆಯ ಬುಟ್ಟಿ, ದೊಡ್ಡಹಬ್ಬದ ಹೋರಿ

ಮಲೆನಾಡಿನ ಕಾಡು ತೆಳುವಾಗುತ್ತ ಬಂದು ಬಯಲುಸೀಮೆಯ ಹೊಲಗಳು ತೆರೆದುಕೊಳ್ಳುವ ಸೆರಗಿನಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿವೆ. ಶರಣಬಂಧುಗಳಿಗೆ ಈ ನೆಲದ ಪರಿಚಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯವರ ಉಡುತಡಿ, ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಸತ್ಯಕ್ಕನ ಹಿರೇಜಂಬೂರು, ಈ ಮೂರೂ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ. ಯುಗಾದಿಯಂದು ಅಲ್ಲಮರ ಜಯಂತಿ, ದವನದ ಹುಣ್ಣಿಮೆಯಂದು ಅಕ್ಕನ ಜಯಂತಿ, ಅಕ್ಷಯ ತೃತೀಯೆಗೆ ಬಸವ ಜಯಂತಿ, ಹೀಗೆ ವರ್ಷದ ಮೊದಲೆರಡು ತಿಂಗಳು ಶರಣಸ್ಮರಣೆಯಲ್ಲಿಯೇ ಸಾಗುತ್ತವೆ. ಈ ಜಯಂತಿಗಳ ಕುರಿತು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದಿದೆ. ನಾವು ಇಲ್ಲಿ ಹೇಳಹೊರಟಿರುವುದು ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಗದ್ದೆಯಲ್ಲಿಯೂ ಕೊಟ್ಟಿಗೆಯಲ್ಲಿಯೂ ನಡೆಯುವ ಎರಡು ಹಬ್ಬಗಳ ವಿಷಯವನ್ನು.

ಮೊದಲನೆಯದು ಆಶ್ವಯುಜ ಮಾಸದ ಭೂಮಿ ಹುಣ್ಣಿಮೆ. ಬಯಲಿನ ಕಡೆಯವರು ಇದನ್ನೇ ಸೀಗಿ ಹುಣ್ಣಿಮೆ ಎನ್ನುತ್ತಾರೆ. ಆಗ ಭತ್ತದ ಪೈರು ಹೊಡೆ ತುಂಬಿ ನಿಂತಿರುತ್ತದೆ. ಬಸುರಿ ಹೆಣ್ಣುಮಗಳಿಗೆ ಬಯಕೆಯ ಊಟ ಬಡಿಸುವಂತೆ ಭೂಮಿತಾಯಿಗೂ ಬಡಿಸಬೇಕೆಂಬುದು ಈ ಆಚರಣೆಯ ಭಾವ. ಸೊರಬ, ಸಾಗರದ ಕಡೆ ದೀವರ ಮನೆಗಳಲ್ಲಿ ಇದಕ್ಕಾಗಿಯೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯ ಗೆರೆಗಳನ್ನೆಳೆದು ಪೈರು, ಎತ್ತು, ಏಣಿಗಳ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಗೋಡೆಯ ಮೇಲಿನ ಹಸೆ ಚಿತ್ತಾರ ಇಂದು ನಗರದ ಪ್ರದರ್ಶನಗಳಿಗೂ ಹೋಗಿದೆ. ಬುಟ್ಟಿಯ ಚಿತ್ತಾರವಾದರೋ ಗದ್ದೆಯ ಬದುವಿನವರೆಗೆ ಹೋಗಿ ಬರುತ್ತದೆ, ಅಷ್ಟೆ. ಅದರಲ್ಲಿಯೇ ಅದರ ಘನತೆಯಿದೆ ಎಂದು ನಮಗೆ ತೋರುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ನಿದ್ರಿಸುವುದಿಲ್ಲ. ಹಲವು ಬಗೆಯ ಸೊಪ್ಪು ತರಕಾರಿಗಳನ್ನು ಕೂಡಿಸಿ ಬೇಯಿಸಿದ ಹಚ್ಚಂಬಲಿ, ಕಡುಬು, ಪಲ್ಯಗಳು ಬೆಳಗಾಗುವುದರೊಳಗೆ ಸಿದ್ಧವಾಗಬೇಕು. ಬೆಳಕು ಹರಿಯುವ ಮುನ್ನ ಗಂಡಸರು ಬುಟ್ಟಿ ಹೊತ್ತು ಹೊರಟು, ಪೈರಿನ ಮೇಲೆ ಚರಗ ಚೆಲ್ಲುತ್ತ, ಭೂಮಿತಾಯಿಯನ್ನು ಉಣ್ಣಲು ಕರೆಯುತ್ತಾರೆ. ಆ ಬಳಿಕವೇ ಮನೆಮಂದಿ ಬದುವಿನ ಮೇಲೆ ಕುಳಿತು ಉಣ್ಣುವುದು. ಕಾಗೆಗೂ ಒಂದು ಎಡೆ ಇಡುತ್ತಾರೆ. ದಾಸೋಹವೆಂದರೆ ಮಠದ ಪಂಕ್ತಿಯೊಂದೇ ಎಂದು ತಿಳಿದವರು ಈ ಬದುವಿನ ಊಟವನ್ನು ಒಮ್ಮೆ ನೋಡಬೇಕು. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿಯೂ, ಬೆದ್ದಲು ಹೊಲಗಳು ಮೆಕ್ಕೆಜೋಳ, ಶುಂಠಿಯ ಹೊಲಗಳಾಗಿಯೂ ಮಾರ್ಪಡುತ್ತಿರುವ ಈ ದಿನಗಳಲ್ಲಿ ಚರಗ ಚೆಲ್ಲುವ ನೆಲ ಬದಲಾಗಿದೆ. ಭೂಮಿ ಬದಲಾಗಿಲ್ಲವಷ್ಟೆ.

ಹದಿನೈದು ದಿನ ಕಳೆಯಿತೆಂದರೆ ದೀಪಾವಳಿ. ಇಲ್ಲಿಯ ಮಾತಿನಲ್ಲಿ ಅದು ದೊಡ್ಡಹಬ್ಬ. ಬಲಿಪಾಡ್ಯಮಿಯಂದು ದನಕರುಗಳಿಗೆ ಮೈತೊಳೆದು, ಕೆಮ್ಮಣ್ಣಿನ ಅಚ್ಚೊತ್ತಿ, ಚೆಂಡುಹೂವಿನ ಮಾಲೆ ಹಾಕಿ ಪೂಜಿಸುತ್ತಾರೆ. ಅಲ್ಲಿಂದ ಮುಂದೆ ಕೆಲವು ತಿಂಗಳು ಊರೂರು ಸರದಿಯಂತೆ ನಡೆಯುವುದೇ ಹೋರಿ ಬೆದರಿಸುವ ಹಬ್ಬ. ನೆರೆಯ ಹಾವೇರಿ ಜಿಲ್ಲೆಯಲ್ಲಿಯೂ ಇದು ಅಷ್ಟೇ ಪ್ರಸಿದ್ಧ. ಕೊರಳಿಗೆ ಕೊಬ್ಬರಿ ಗಿಟುಕುಗಳ ಸರ, ಕೊಂಬಿಗೆ ಬಣ್ಣದ ರಿಬ್ಬನ್ನು, ಬಲೂನು, ಮೈಮೇಲೆ ಝೂಲ, ಹೀಗೆ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವಿನ ದಾರಿಯಲ್ಲಿ ಓಡಿಸುತ್ತಾರೆ. ತರುಣರು ಅಡ್ಡಬಂದು ಕೊಬ್ಬರಿ ಹರಿಯಲು ಹವಣಿಸುತ್ತಾರೆ. ಕೈಗೆ ಸಿಗದೆ ಪಾರಾದ ಹೋರಿಯ ಕೀರ್ತಿ ಹತ್ತೂರಿಗೆ ಹಬ್ಬುತ್ತದೆ. ಅದಕ್ಕೊಂದು ಬಿರುದು, ಒಂದು ಅಭಿಮಾನಿ ಬಳಗ! ಮಕ್ಕಳಿಗೆ ಹಾಲು ಕಡಿಮೆಯಾದರೂ ಹೋರಿಗೆ ಹಿಂಡಿ, ಹುರುಳಿ ಕಡಿಮೆ ಮಾಡದ ಮನೆಗಳುಂಟು. ಈ ಪ್ರೀತಿ ಹುಸಿಯೆಂದು ಯಾರೂ ಹೇಳಲಾರರು.

ಆದರೆ ಹೇಳಲೇಬೇಕಾದ ಮಾತೂ ಒಂದಿದೆ. 2022ರ ದೀಪಾವಳಿಯ ನಂತರ ಈ ಸೀಮೆಯ ಹೋರಿ ಹಬ್ಬಗಳಲ್ಲಿ ಹೋರಿ ತಿವಿದು ಜನರು ಪ್ರಾಣ ಕಳೆದುಕೊಂಡರು. ಕೊಬ್ಬರಿ ಹರಿಯಲು ಹೋದವರಿಗಷ್ಟೇ ಅಲ್ಲ, ನೋಡಲು ಬಂದು ನಿಂತವರಿಗೂ ಇಲ್ಲಿ ಅಪಾಯವಿದೆ. ಹಬ್ಬದ ಮನೆಯಲ್ಲಿ ಸೂತಕವಾದರೆ ಆ ಹಬ್ಬಕ್ಕೆ ಅರ್ಥವೇನು? ಇತ್ತ ಕಾನೂನಿನ ಮಾತೂ ಬೆಳೆದಿದೆ. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಜಲ್ಲಿಕಟ್ಟನ್ನು ನಿಷೇಧಿಸಿದ ಮೇಲೆ ಕರ್ನಾಟಕವು 2017ರಲ್ಲಿ ತಿದ್ದುಪಡಿ ತಂದು ಕಂಬಳ ಹಾಗೂ ಎತ್ತಿನ ಗಾಡಿ ಓಟಗಳಿಗೆ ಎಡೆಮಾಡಿತು. 2023ರ ಮೇ 18ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಟ ಉಳಿಯಬೇಕಾದರೆ ಪ್ರಾಣಿಗೆ ಹಿಂಸೆಯಾಗಬಾರದು, ನಿಯಮ ಮೀರಬಾರದು ಎಂಬುದು ಇದರಿಂದ ಸ್ಪಷ್ಟ.

ಆಚರಣೆಯ ಒಂದು ಭಾಗ ಬದಲಾದರೆ ಹಬ್ಬವೇ ಅಳಿಯುವುದೆಂದು ಕೆಲವರು ಅಂಜುತ್ತಾರೆ. ಅವರು ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ನೆನೆಯಬಹುದು. ಅಲ್ಲಿಯ ರೇಣುಕಾಂಬೆಯ ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟ ಏರುವ ಸೇವೆ ನಡೆಯುತ್ತಿತ್ತು. 1986ರ ಮಾರ್ಚಿಯಲ್ಲಿ ಅದನ್ನು ತಡೆಯಹೋದವರ ಮೇಲೆಯೂ ಪೊಲೀಸರ ಮೇಲೆಯೂ ಹಲ್ಲೆ ನಡೆದು ನಾಡೆಲ್ಲ ಸುದ್ದಿಯಾಯಿತು. ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಜಾತ್ರೆ ನಿಂತಿತೇ? ಇಲ್ಲ. ಇಂದಿಗೂ ಭಕ್ತರು ಬರುತ್ತಾರೆ, ಉಟ್ಟ ಬಟ್ಟೆಯಲ್ಲಿಯೇ ಬೆಟ್ಟ ಏರುತ್ತಾರೆ, ತಾಯಿ ಅವರ ಹರಕೆಯನ್ನು ನಿರಾಕರಿಸಿದಳೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ.

ಹೋರಿ ಹಬ್ಬಕ್ಕೆ ಬೇಕಾದುದು ಇದಕ್ಕಿಂತ ಬಹಳ ಸುಲಭದ ಮಾರ್ಪಾಟು. ಓಟದ ದಾರಿಯ ಎರಡೂ ಬದಿಗೆ ಗಟ್ಟಿಯಾದ ಬೇಲಿ, ದಾರಿಯ ಕೊನೆಯಲ್ಲಿ ಹೋರಿ ನಿಲ್ಲಲು ವಿಶಾಲವಾದ ಬಯಲು, ಮಕ್ಕಳಿಗೂ ವೃದ್ಧರಿಗೂ ಎತ್ತರದ ಜಾಗ, ಸಮೀಪದಲ್ಲೊಂದು ಆಂಬುಲೆನ್ಸ್ ಇರಲಿ. ಕುಡಿದವರು ಅಖಾಡಕ್ಕೆ ಇಳಿಯಕೂಡದು. ಬಾಲ ತಿರುಚುವುದು, ಪಟಾಕಿ ಸಿಡಿಸಿ ಹೆದರಿಸುವುದು ಪೂಜಿಸಿದ ಕೈಗಳಿಗೆ ಒಪ್ಪುವ ಕೆಲಸವಲ್ಲ. ಬಹುಮಾನದ ಬೈಕು, ಬಂಗಾರಗಳ ಆಸೆಯೇ ಸಂದಣಿಯನ್ನು ಹೆಚ್ಚಿಸುವುದಾದರೆ ಅದನ್ನೂ ಮಿತಗೊಳಿಸಬಹುದು. ಇವನ್ನೆಲ್ಲ ಹಬ್ಬದ ದಿನ ಬೆಳಿಗ್ಗೆ ಏರ್ಪಡಿಸಲಾಗದು. ಭೂಮಿ ಹುಣ್ಣಿಮೆಯಂದು ಬದುವಿನ ಊಟ ಮುಗಿಸಿ ಮನೆಗೆ ಮರಳಿದ ಸಂಜೆ ಊರ ಹಿರಿಯರೂ ತರುಣರೂ ಒಂದೆಡೆ ಕುಳಿತರೆ, ದಾರಿ, ಬೇಲಿ, ದಿನ ಎಲ್ಲವನ್ನೂ ನಿಶ್ಚಯಿಸಲು ದೀಪಾವಳಿಯ ಅಮಾವಾಸ್ಯೆಗೆ ಇನ್ನೂ ಹದಿನೈದು ದಿನಗಳಿರುತ್ತವೆ.